ಒಂದು ಬೀಗರ ಊಟ, ಆರು ಕೋರಿಕೆ

ಮಂಡ್ಯದ ಒಂದು ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಕಂಪ್ಯೂಟರ್ ಪಾಠ ಹೇಳುತ್ತಿರುವ ನನಗೆ, ಒಂದು ಬೀಗರ ಊಟವನ್ನು ಅಚ್ಚುಕಟ್ಟಾಗಿ ನಡೆಸಿಕೊಡುವುದು ದೊಡ್ಡ ಮಾತೇ ಅಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ನನ್ನ ಹೆಂಡತಿ ಸುಧಾ ನಂಬಿರಲಿಲ್ಲ. ಆದರೆ ಅವಳು ತರಬೇತಿಗೆ ಹೋದವಳಲ್ಲ.

ನಾನು ಹೋಗಿದ್ದೆ. ಮೂರು ದಿನ, ಪ್ರಮಾಣಪತ್ರ ಸಮೇತ! ವಿಷಯ: ‘ಸೇವಾಧಾರಿತ ವಿನ್ಯಾಸದ ಮೂಲಕ ವ್ಯವಹಾರ ಮಾಹಿತಿ ವ್ಯವಸ್ಥೆಗಳ ಏಕೀಕರಣ’. ಹೆದರಬೇಡಿ. ನಾಲ್ಕು ಅಂಗಡಿಗಳಲ್ಲಿ ನಾಲ್ಕು ಬಗೆಯ ಕಂಪ್ಯೂಟರ್ ಪ್ರೋಗ್ರಾಂಗಳಿದ್ದರೆ ಯಾವುದನ್ನೂ ಕಿತ್ತೆಸೆಯಬೇಕಾಗಿಲ್ಲ. ಪ್ರತಿಯೊಬ್ಬರೂ ತಾವು ಮಾಡುವ ಕೆಲಸವನ್ನು ‘ಸೇವೆ’ ಎಂದು ಘೋಷಿಸಿದರೆ ಸಾಕು. ನಡುವೆ ಒಂದು ಪ್ರೋಗ್ರಾಂ ಕೂತು ಇವರ ಕೋರಿಕೆಯನ್ನು ಅವರಿಗೆ, ಅವರ ಒಪ್ಪಿಗೆಯನ್ನು ಇವರಿಗೆ ಮುಟ್ಟಿಸುತ್ತದೆ. ಇಷ್ಟೇ.

ಸುಧಾಳ ಅಣ್ಣ ನಂಜೇಗೌಡರಿಗೆ ಮದ್ದೂರಿನಲ್ಲಿ ಛತ್ರವಿದೆ. ತಮ್ಮ ಶಿವಲಿಂಗುವಿಗೆ ಮಳವಳ್ಳಿಯಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಯ ಅಂಗಡಿ. ಮಂಡ್ಯದಲ್ಲಿ ಬಾಳೆಎಲೆ ಮಂಡಿ ಇಟ್ಟವರೂ, ಮೇಕೆ ವ್ಯಾಪಾರದವರೂ ನೆಂಟರೇ. ಎಲ್ಲರ ಬಳಿಯೂ ಕಂಪ್ಯೂಟರ್ ಇತ್ತು. ಕೆಲಸ ಮಾತ್ರ ಫೋನಿನಲ್ಲಿ ಕೂಗಾಡಿಯೇ ನಡೆಯುತ್ತಿತ್ತು. ವಿದ್ಯಾವಂತನಾದ ನನಗೆ ಇದನ್ನು ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ.

ಅಷ್ಟರಲ್ಲಿ ನಂಜೇಗೌಡರ ಮಗಳು ರಂಜಿತಾಳ ಮದುವೆ ಮುಗಿದು, ಕೆರಗೋಡಿನ ಬೀಗರಿಗೆ ಭಾನುವಾರ ಮಧ್ಯಾಹ್ನ ಛತ್ರದಲ್ಲೇ ಬೀಗರ ಊಟ ಎಂದು ತೀರ್ಮಾನವಾಯಿತು.

“ಮೇಷ್ಟ್ರೇ, ಮದ್ವೆ ಎಂಗೋ ಆಗೋಯ್ತದೆ,” ಎಂದರು ಭಾವ. “ಬೀಗರೂಟದಲ್ಲಿ ಒಸಿ ಎಚ್ಚುಕಮ್ಮಿ ಆದ್ರೆ ನಮ್ಮುಡ್ಗಿ ಸಾಯೋಗಂಟ ಅವ್ರ ಮನೇಲಿ ಮಾತು ಕೇಳ್ಬೇಕು. ನೋಡ್ಕಳಿ.”

“ವ್ಯವಸ್ಥೆ ನೋಡಿಕೊಳ್ಳುತ್ತದೆ, ಭಾವ,” ಎಂದೆ.

“ರೀ, ನಮ್ಮಣ್ಣ ನಾಕು ಫೋನ್ ಮಾಡುದ್ರೆ ಮುಗ್ದೋಯ್ತದೆ. ನಿಮ್ಗ್ಯಾಕೆ ಈ ಉಸಾಬರಿ?” ಎಂದಳು ಸುಧಾ.

“ಫೋನ್ ಮಾಡುವುದು ವಿಧಾನವಲ್ಲ. ದುರಭ್ಯಾಸ!”

ಅಂದೇ ಕಟ್ಟಪ್ಪಣೆ ಹೊರಡಿಸಿದೆ. ಈ ಊಟದ ವಿಚಾರವಾಗಿ ಯಾರೂ ಯಾರಿಗೂ ಫೋನ್ ಮಾಡತಕ್ಕದ್ದಲ್ಲ. ಎಲ್ಲವೂ ವ್ಯವಸ್ಥೆಯ ಮೂಲಕವೇ.

ಉಳಿದವರು ಅಡುಗೆ ಕೆಂಪಯ್ಯ. ಬೆಸಗರಹಳ್ಳಿಯವರು, ಎಪ್ಪತ್ತರ ವಯಸ್ಸು, ಸುಧಾಳ ತವರಿನ ಕಾರ್ಯಗಳಿಗೆಲ್ಲ ಅವರದೇ ಸೌಟು. ಅವರಿಗೆ ಕಂಪ್ಯೂಟರ್ ಇರಲಿಲ್ಲ. ಒಂದು ಫೋನ್ ಕೊಡಿಸಿ, ಅದರಲ್ಲಿ ‘ಒಪ್ಪಿದೆ’ ಎಂಬ ಹಸಿರು ಗುಂಡಿ ಮೂಡುವಂತೆ ಮಾಡಿದೆ. ಒಬ್ಬರು ಉತ್ತರಿಸದಿದ್ದರೂ, ಶನಿವಾರದವರೆಗೆ, ಮರುದಿನ ಬೆಳಿಗ್ಗೆ ಆರಕ್ಕೆ ಇಡೀ ಕೋರಿಕೆ ಎಲ್ಲರಿಗೂ ಮತ್ತೆ ಹೋಗಬೇಕೆಂದು ನಿಯಮ ಬರೆದೆ. ಇದು ತರಬೇತಿಯ ಎರಡನೆಯ ದಿನ, ಊಟವಾದ ಮೇಲೆ ಹೇಳಿಕೊಟ್ಟ ಪಾಠ. ಬಂದ ಕೋರಿಕೆ ಹೊಸದೋ, ಹಳೆಯದೇ ಮತ್ತೆ ಬಂದದ್ದೋ ಎಂದು ಗುರುತು ಹಿಡಿಯುವುದನ್ನೂ ಆಗಲೇ ಹೇಳಿಕೊಟ್ಟರಂತೆ. ನನಗೆ ನಿದ್ದೆ ಬಂದುಬಿಟ್ಟಿತ್ತು.

ಸೋಮವಾರ ಕೋರಿಕೆ ಹೊರಟಿತು. ಪಾತ್ರೆ: ಒಪ್ಪಿದೆ. ಎಲೆ: ಒಪ್ಪಿದೆ. ಮೇಕೆ: ಒಪ್ಪಿದೆ. ಕೆಂಪಯ್ಯನವರಿಂದ ಸದ್ದಿಲ್ಲ. ನಿಧಾನಸ್ಥರು, ಒತ್ತುತ್ತಾರೆ ಎಂದುಕೊಂಡೆ. ಮಂಗಳವಾರ ಮತ್ತೆ ಮೂರು ‘ಒಪ್ಪಿದೆ’. ಬುಧವಾರ ಮತ್ತೆ ಮೂರು. ಶನಿವಾರದ ಹೊತ್ತಿಗೆ ಪರದೆಯ ತುಂಬ ಹಸಿರೋ ಹಸಿರು! ಇಷ್ಟೊಂದು ಒಪ್ಪಿಗೆ ನನಗೆ ಮದುವೆಯಾದ ಇಷ್ಟು ವರ್ಷಗಳಲ್ಲಿ ಮನೆಯಲ್ಲಿ ಸಿಕ್ಕಿರಲಿಲ್ಲ. ಹೆಮ್ಮೆಯಿಂದ ಎಣಿಸಿಯೂ ಎಣಿಸಿದೆ. ಯಾಕಿಷ್ಟು ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಭಾನುವಾರ ಏಳೂವರೆಗೆ ಛತ್ರದ ಮುಂದೆ ಲಾರಿ ನಿಂತಿತು. ಐದು ಕೊಪ್ಪರಿಗೆ ಬೇಕಿದ್ದಲ್ಲಿ ಮೂವತ್ತು ಇಳಿದವು. ಹಿಂದೆಯೇ ಇನ್ನೊಂದು ಗಾಡಿಯಲ್ಲಿ ಬಾಳೆಎಲೆ, ಊಟದ ಹಾಲ್‌ನ ಕಿಟಕಿ ಮುಚ್ಚುವಷ್ಟು. ಅದರ ಹಿಂದೆ ಮೇಕೆ. ನಾಲ್ಕಲ್ಲ, ಇಪ್ಪತ್ನಾಲ್ಕು!

“ಶಿವಲಿಂಗು, ಇದೇನಯ್ಯಾ?”

“ನಂಗೂ ಅನ್ನುಸ್ತು ಭಾವ, ದಿನಾ ಐದೈದು ಕೇಳ್ತಾವ್ರಲ್ಲ ಅಂತ. ಅಣ್ಣ ಊರ್ನೆಲ್ಲಾ ಕರ್ದವ್ನೇನೋ ಅನ್ಕಂಡೆ. ಕೇಳವಾ ಅಂದ್ರೆ ಫೋನ್ ಮಾಡ್ಬಾರ್ದು ಅಂತ ನೀವೇ ಯೋಳಿದ್ರಲ್ಲ!”

ನಾಲ್ಕು ಮೇಕೆಗಳನ್ನು ಹಿತ್ತಲಿಗೆ ಕರೆದೊಯ್ದರು. ಉಳಿದ ಇಪ್ಪತ್ತನ್ನು, ಬೇರೆ ಜಾಗವಿಲ್ಲದೆ, ಎಲೆಯ ಕಟ್ಟುಗಳ ಪಕ್ಕದಲ್ಲೇ ಕಟ್ಟಿದರು. ನಾವು ಕೊಪ್ಪರಿಗೆ ಜೋಡಿಸಿ ತಿರುಗಿ ನೋಡುವಷ್ಟರಲ್ಲಿ ಅವು ಅರ್ಧ ಎಲೆ ಮುಗಿಸಿದ್ದವು. ಒಂದು ಸೇವೆ ಇನ್ನೊಂದು ಸೇವೆಯನ್ನು ಮಧ್ಯವರ್ತಿಯಿಲ್ಲದೆ ನೇರವಾಗಿ ಬಳಸಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡದ್ದು ಅಂದೇ. ಆರು ಪಟ್ಟು ತರಿಸಿದ್ದರಿಂದಲೇ ಊಟಕ್ಕೆ ಎಲೆ ಮಿಕ್ಕಿತು, ಇದು ವ್ಯವಸ್ಥೆಯ ಗೆಲುವು ಎಂದು ಸುಧಾಗೆ ಹೇಳಲು ಹೋದೆ. ಅವಳ ಮುಖ ನೋಡಿ ಬಿಟ್ಟೆ.

“ಅದೆಲ್ಲಾ ಅತ್ಲಾಗಿರ್ಲಿ. ಕೆಂಪಯ್ಯ ಎಲ್ರೀ?”

ಗಡಿಯಾರ ನೋಡಿದೆ. ಒಂಬತ್ತಾಗಿತ್ತು. ಒಂದು ಗಂಟೆಗೆ ಮುನ್ನೂರು ಜನ ಬೀಗರು!

ಬೈಕ್ ಹತ್ತಿ ಬೆಸಗರಹಳ್ಳಿಗೆ ಓಡಿದೆ. ಕೆಂಪಯ್ಯ ಸ್ನಾನ ಮಾಡಿ, ಬಿಳಿ ಪಂಚೆಯುಟ್ಟು ಜಗುಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಅವರ ದೊಡ್ಡ ಸೌಟು, ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

“ಯಾಕೆ ಬರಲಿಲ್ಲ ಕೆಂಪಯ್ಯನವರೇ? ಆರು ಸಲ ಕರೆದಿದ್ದೀನಲ್ಲ!”

“ಯಾವಾಗ ಕರುದ್ರಿ ಅಳೀಮಯ್ಯ? ಈ ಫೋನಾ? ದಿನಾ ಆರು ಗಂಟ್ಗೆ ಬಡ್ಕತಿತ್ತು. ಅಲಾರಮ್ಮೇನೋ ಅನ್ಕಂಡು ಎದ್ದು ಹಸ ಕರೀತಿದ್ದೆ.” ಪಕ್ಕದ ಸೌಟಿನ ಮೇಲೆ ಕೈಯಿಟ್ಟರು. “ನಿಮ್ಮ ಮಾವ್ನೋರ ಕಾಲ್ದಿಂದ ಆ ಮನೆ ಒಲೆ ಅಚ್ಚಿದೋನು ನಾನು. ಎಲೆ ಅಡ್ಕೆ ಕೊಟ್ಟು ಕರೀದಂಗೆ ಒಂದ್ಸಲಾನೂ ಬಂದಿಲ್ಲ. ಸ್ವಿಚ್ ಒತ್ತುದ್ರೆ ಬರಕ್ಕೆ ನಾನೇನು ಕರೆಂಟಾ? ಇವತ್ತಾರೂ ಯಾರಾರಾ ಬತ್ತಾರೆ ಅಂತ ಬೆಳುಗ್ಗಿಂದ ಕಾಯ್ತಾ ಕೂತಿವ್ನಿ.”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎದುರಿನ ಪೆಟ್ಟಿಗೆ ಅಂಗಡಿಗೆ ಓಡಿ ಐದು ವೀಳ್ಯದೆಲೆ, ಎರಡು ಅಡಿಕೆ ತಂದು ಎರಡೂ ಕೈಯಲ್ಲಿ ಹಿಡಿದು ನಿಂತೆ. ಕೆಂಪಯ್ಯ ಎದ್ದು ನಿಂತು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಅರ್ಧ ನಿಮಿಷ ಹಿಡಿಯಿತು. ನನ್ನ ವ್ಯವಸ್ಥೆ ಇದೇ ಕೆಲಸಕ್ಕೆ ಒಂದು ವಾರ ಹೆಣಗಿತ್ತು.

“ಬತ್ತೀನಿ, ನಡೀರಿ. ಆದ್ರೆ ನಮ್ಮುಡುಗ್ರೆಲ್ಲಾ ಕರೆ ಬರ್ನಿಲ್ಲ ಅಂತ ಬಸರಾಳಿನ ಕಾರ್ಯಕ್ಕೆ ಓಗ್ಬುಟ್ರು. ಈರುಳ್ಳಿ ಎಚ್ಚೋರಿಲ್ಲ. ನೀವು ಎಚ್ತೀರಾ?”

“ಒಪ್ಪಿದೆ,” ಎಂದೆ.

ಹನ್ನೊಂದಕ್ಕೆ ಒಲೆ ಹೊತ್ತಿತು. ನಾನು ಭಾವನ ಹಳೇ ಲುಂಗಿ ಉಟ್ಟು, ತಲೆಗೆ ಟವೆಲ್ಲು ಸುತ್ತಿ ಈರುಳ್ಳಿ ಮೂಟೆಯ ಮುಂದೆ ಕೂತೆ. ಒಂದು ಗಂಟೆಯ ಹೊತ್ತಿಗೆ ಬೀಗರೆಲ್ಲ ಬಂದು ಹಾಲ್‌ನಲ್ಲಿ ಕೂತರು. ಮೂಟೆಯಲ್ಲಿ ಇನ್ನೂ ಅರ್ಧ ಈರುಳ್ಳಿ ಉಳಿದಿತ್ತು. ನನ್ನ ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು. ಅಳುವಿನಲ್ಲಿ ಈರುಳ್ಳಿಯ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ವಿಂಗಡಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಎರಡಾಯಿತು. ಗಂಡಿನ ದೊಡ್ಡಪ್ಪ, ಮದುವೆಗೆ ಬರಲಾಗದೆ ಅಂದೇ ಮೊದಲ ಸಲ ಬಂದವರು, ಹಸಿವು ತಡೆಯಲಾರದೆ ಒಲೆಯ ಕಡೆಗೇ ಬಂದುಬಿಟ್ಟರು. ಭಾವ, ಸುಧಾ, ಹೊಸ ಸೀರೆಯಲ್ಲಿ ರಂಜಿತಾ, ಮೂವರೂ ಅವರ ಹಿಂದೆ ಓಡಿಬಂದರು. ರಂಜಿತಾಳ ಮುಖ ಬಿಳುಚಿಕೊಂಡಿತ್ತು.

ಹಿರಿಯರು ಸಾರಿನ ಘಮ ಎಳೆದುಕೊಂಡರು. “ಸಾರು ಏನೋ ಬೊಂಬಾಟಾಗದೆ ಗೌಡ್ರೇ. ಮನೆಯೋರ್ದು ಏನೂ ತಪ್ಪಿಲ್ಲ ಬುಡಿ. ನೋಡಿ, ಇವ್ನಿಂದ್ಲೇ ತಡ ಆಗಿರೋದು!” ಎಂದು ನನ್ನತ್ತ ಕೈ ತೋರಿಸಿದರು. “ಒಂದೀರುಳ್ಳಿಗೆ ಒಂದ್ಗಂಟೆ ತಕತಾವ್ನೆ. ಯಾರಿವ್ನು?”

ಭಾವ ನನ್ನನ್ನು ನೋಡಿದರು. ಮಗಳನ್ನು ನೋಡಿದರು.

“ಗೊತ್ತಿಲ್ಲ ಕಣಣ್ಣ. ಕೆಂಪಯ್ಯನ ಕಡೆಯೋನಿರ್ಬೇಕು.”

ನಾನು ಸುಧಾಳತ್ತ ನೋಡಿದೆ. ಅವಳು ಈರುಳ್ಳಿಯ ಇನ್ನೊಂದು ಬುಟ್ಟಿಯನ್ನು ತಂದು ನನ್ನ ಮುಂದಿಟ್ಟಳು.

“ಬೇಗ್ ಬೇಗ ಎಚ್ಚಪ್ಪಾ, ಬೀಗರು ಕಾಯ್ತಾವ್ರೆ.”

“ಆಯ್ತು ಕಣವ್ವ,” ಎಂದೆ.