ಶಾರದಮ್ಮನ ಹದಿನಾರು ಡಿಗ್ರಿ

ಮೇ ತಿಂಗಳ ಬೆಳಗ್ಗೆ ಉಣ್ಣೆಯ ಸ್ವೆಟರ್, ಮಂಕಿ ಟೋಪಿಯಲ್ಲೇ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದದ್ದು ತಿರುಮಲನ ತಪ್ಪು. ಚೆನ್ನೈನ ತಿರುವೊಟ್ಟಿಯೂರಿನಲ್ಲಿ ಏಳು ಗಂಟೆಗೇ ಕಾಗೆಗಳು ಸೆಕೆಗೆ ಬಾಯಿ ಬಿಟ್ಟುಕೊಂಡು ಕೂತಿದ್ದವು.

"ಅಯ್ಯಯ್ಯೋ, ಚಳಿಜ್ವರ!" ಎದುರುಮನೆಯ ರಮಾಬಾಯಿ ಕಿರುಚಿದರು.

"ಮೆಲ್ಲಗೆ ಮಾಮಿ, ಅಮ್ಮನಿಗೆ ಕೇಳಿಸತ್ತೆ."

ಸ್ತನ ಕ್ಯಾನ್ಸರಿನ ಆಪರೇಷನ್ ಆದ ಮೇಲೆ ಅವನ ತಾಯಿ ಶಾರದಮ್ಮನಿಗೆ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ. ಅದರಿಂದ ಮೈ ಒಲೆಯಂತೆ ಉರಿದು, ಒಂದೇ ಕೋಣೆಯ ಆ ಮನೆಯ ಎಸಿ ಹದಿನಾರು ಡಿಗ್ರಿ ಬಿಟ್ಟು ಮೇಲೇರುತ್ತಿರಲಿಲ್ಲ. ಮಗ ನಡುಗುವುದು ತಿಳಿದರೆ ಆಕೆ ಮಾತ್ರೆಯನ್ನೇ ಬಿಟ್ಟುಬಿಟ್ಟಾರೆಂದು ತಿರುಮಲ ಹೆದರಿದ್ದ.

ಅಷ್ಟರಲ್ಲಿ ಕೆಳಮನೆಯ ರಿಟೈರ್ಡ್ ರೈಲ್ವೆ ಗಾರ್ಡ್ ರಘುರಾಮ ಹತ್ತಿ ಬಂದು, ಹಸಿರು ಬಾವುಟ ಬೀಸಿದಷ್ಟೇ ಸಲೀಸಾಗಿ ಅವನನ್ನು ಆಟೋಗೆ ತಳ್ಳಿದರು.

"ಎನ್ನ ಸಾರ್, ಊಟಿಗಾ?" ಆಟೋದವನು ಟೋಪಿ ನೋಡಿ ನಕ್ಕ.

ಕ್ಲಿನಿಕ್ಕಿನಲ್ಲಿ ಟೋಕನ್ ನಲವತ್ತೊಂದು. ಸರದಿ ಬಂದಾಗ ಮಧ್ಯಾಹ್ನ ಎರಡು. ಡಾಕ್ಟರ್ ಶ್ರೀಪ್ರಿಯಾಗೆ ಜ್ವರ ಸಿಗಲಿಲ್ಲ. ತಿರುಮಲ ನಿಜ ಹೇಳಿದ.

"ಮಾತ್ರೆ ನುಂಗೋದು ತಾಯಿ, ನಡುಗೋದು ಮಗ! ಭಾರೀ ಪವರ್‌ಫುಲ್ ಮಾತ್ರೆ!" ರಘುರಾಮ ಬೆರಗಾದರು.

ಡಾಕ್ಟರ್ ನಗು ತಡೆದುಕೊಂಡರು. "ಮುಟ್ಟು ನಿಂತ ಮೇಲೂ ಮೈಯ ಕೊಬ್ಬಲ್ಲಿ ಅರೊಮಟೇಸ್ ಅನ್ನೋ ಕಿಣ್ವ ಈಸ್ಟ್ರೊಜೆನ್ ತಯಾರಿಸ್ತಾನೇ ಇರತ್ತೆ. ಅಮ್ಮನಂಥೋರ ಕ್ಯಾನ್ಸರಿಗೆ ಅದೇ ಊಟ. ಈ ಮಾತ್ರೆ ಆ ಅಡುಗೆಮನೆಗೆ ಬೀಗ ಹಾಕತ್ತೆ. ಅದಕ್ಕೇ ಮೈ ಉರಿ. ಕೀಲು ನೋಯಬಹುದು, ಮೂಳೆ ಸವೀಬಹುದು. ಆದ್ರೆ ನೀವಾಗೇ ನಿಲ್ಲಿಸ್ಬೇಡಿ. ಅಮ್ಮನ ಹತ್ರ ಬಾಯಿ ಬಿಟ್ಟು ಮಾತಾಡಿ, ಸಾರ್."

ಮಾತನ್ನು ಹೇಗೆ ಶುರು ಮಾಡುವುದೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡುತ್ತ ತಿರುಮಲ ಮನೆ ಸೇರಿದ. ಒಳಗೆ ಕಾಲಿಟ್ಟರೆ ಇಡ್ಲಿ ಪಾತ್ರೆಯೊಳಗೆ ಹೊಕ್ಕಂತಾಯಿತು. ಕಿಟಕಿಗಳೆಲ್ಲ ಮುಚ್ಚಿದ್ದವು. ಎಸಿ ಇದ್ದ ಗೋಡೆಯಲ್ಲಿ ನಾಲ್ಕು ತೂತುಗಳು ಮಾತ್ರ ಇದ್ದವು.

"ನಿನಗೆ ಚಳಿಜ್ವರ ಅಂತ ರಮಾಬಾಯಿ ಎಲ್ಲಾ ಹೇಳಿದ್ರು," ಶಾರದಮ್ಮ ಕಣ್ಣೊರೆಸಿಕೊಂಡರು. "ಮಾತ್ರೆ ನಾನು ಬಿಡೋ ಹಾಗಿಲ್ಲ, ನಿನ್ನ ಚಳಿ ನೋಡೋಕಾಗಲ್ಲ. ಅದಕ್ಕೇ ಮೆಕ್ಯಾನಿಕ್ಕನ್ನ ಕರೆಸಿ ಎಸೀನ ಅವರ ರೂಮಿಗೆ ಹಾಕಿಸ್ದೆ. ಇನ್ಮೇಲೆ ನಾನು ಅಲ್ಲೇ ಮಲಗ್ತೀನಿ."

"ನನಗೆ ಜ್ವರ ಇಲ್ಲಮ್ಮಾ!"

"ಜ್ವರ ಬಂದೋರೆಲ್ಲ ಹಾಗೇ ಅನ್ನೋದು."

"ಶಾರದಮ್ಮಾ, ಬೇಗ ಬನ್ನಿ! ರೂಮು ಐಸ್ ಆಗಿದೆ!" ಎದುರುಮನೆಯಿಂದ ರಮಾಬಾಯಿಯ ಕೂಗು ತೇಲಿ ಬಂತು.

ಶಾರದಮ್ಮ ಮಗನನ್ನು ಮಲಗಿಸಿ, ಎರಡು ಕಂಬಳಿ ಹೊದಿಸಿ, ಹಣೆ ಮುಟ್ಟಿ ನೋಡಿದರು. ಅಂಗೈ ಒದ್ದೆಯಾಯಿತು.

"ನೋಡು, ಬೆವರು ಬಿಡ್ತಾ ಇದೆ!" ಅವರ ಮುಖ ಅರಳಿತು. "ಇನ್ನೊಂದು ಕಂಬಳಿ ತರ್ತೀನಿ ಇರು."