ಬದುಕಿದವರ ಲೇಥ್ ಬೇಕಾಗಿದೆ

ಬೇರೆಯವರು ಪೇಟೆಗೆ ಹೋದರೆ ಸಾಮಾನು ತರುತ್ತಾರೆ. ನಾನು ಹೋದರೆ ಒಂದು ಕತೆ ತರುತ್ತೇನೆ, ಸಾಮಾನು ಅಲ್ಲೇ ಉಳಿಯುತ್ತದೆ. ಮಿಕ್ಸರ್ ತರುವಾಗ ಹಾಗೇ ಆಯಿತು, ತೊಟ್ಟಿಲು ತರುವಾಗಲೂ ಹಾಗೇ. ಆದರೆ ಲೇಥ್ ಹುಡುಕಿದ ಕತೆ ಹೇಳುವಾಗ ಈಗಲೂ ನನ್ನ ಕೈಮೇಲಿನ ಕೂದಲು ನಿಮಿರುತ್ತದೆ. ಕೇಳುವವರು ಮಾತ್ರ ಹೊಟ್ಟೆ ಹಿಡಿದು ನಗುತ್ತಾರೆ.

ಲೇಥ್ ಎಂದರೆ ಲೋಹದ ತುಂಡನ್ನು ಬಿಗಿಯಾಗಿ ಹಿಡಿದು ಗಿರಗಿರ ತಿರುಗಿಸುವ ಮಷಿನ್ನು. ತಿರುಗುವಾಗ ಉಳಿ ಹಿಡಿದರೆ ಬೇಕಾದ ಆಕಾರಕ್ಕೆ ಕಡೆಯಬಹುದು. ಯಾದಗಿರಿಯಲ್ಲಿ ನನ್ನಪ್ಪ ಬೇರೆಯವರ ಅಂಗಡಿಯಲ್ಲಿ ಅದನ್ನೇ ನಡೆಸುತ್ತಿದ್ದ. ನಾನು ಹತ್ತನೇ ಮುಗಿಸಿ ಮನೆಯಲ್ಲಿ ಕುಳಿತಾಗ, "ಬಾಯಿ ನಡಸೂದು ಸಾಕು, ಒಂಚೂರು ಕೈ ನಡಸು ಬಾ" ಎಂದು ಕರೆದೊಯ್ದು ಕಲಿಸಿದ. ಕೈ ಕಲಿಯಿತು. ಬಾಯಿ ನಿಲ್ಲಲಿಲ್ಲ.

ಮದುವೆಯಾಗಿ ಶಹಾಪುರಕ್ಕೆ ಬಂದೆ. ಮಗಳು ಹುಟ್ಟಿದಳು. ಅವಳ ಆಟಕ್ಕೆ ಹಿತ್ತಾಳೆಯ ಪುಟ್ಟ ಕೊಡ, ಬೋಗುಣಿ, ತಂಬಿಗೆ ನಾನೇ ಕಡೆಯಬೇಕೆಂಬ ಹುಚ್ಚು ಹಿಡಿಯಿತು. ಹಿತ್ತಲಲ್ಲಿ ಒಂದು ಕೋಣೆ ಖಾಲಿ ಇತ್ತು. ಒಂದು ಸಣ್ಣ ಲೇಥ್ ಸಾಕಿತ್ತು. ಗಂಡ ಒಪ್ಪಿದ. ಅವನು ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಯಾರು ಏನಂದರೂ ಒಪ್ಪುತ್ತಾನೆ. ಒಪ್ಪದವರು ನಮ್ಮತ್ತೆ.

"ಹೊಸಾದು ತಾ, ಹಳೇದು ತಾ. ಸತ್ತೋರ ಸಾಮಾನು ಮಾತ್ರ ಈ ಹೊಸ್ತಿಲಾ ದಾಟಬಾರದು. ಅದು ಒಳಗ ಬಂತಂದ್ರ ನಾ ಹೊರಗ ಹೋಗ್ತೀನಿ."

ಹಿಂದೊಮ್ಮೆ ಮಾವ ಯಾರೋ ಸತ್ತವರ ಹೊರಸು ತಂದಿದ್ದರಂತೆ. ಅದರ ಮೇಲೆ ಮಲಗಿದ ದಿನದಿಂದ ಥೇಟ್ ಸತ್ತವನ ಹಾಗೆಯೇ ಗೊರಕೆ ಹೊಡೆಯತೊಡಗಿದರಂತೆ. "ಆ ಸತ್ತವನ ಗೊರಕಿ ಹೆಂಗಿತ್ತಂತ ನಿಮಗ ಹೆಂಗ ಗೊತ್ರಿ ಅತ್ತಿ?" ಎಂದು ಕೇಳಿದ್ದಕ್ಕೆ ಅತ್ತೆ ಒಂದಿಷ್ಟು ದಿನ ನನ್ನೊಂದಿಗೆ ಮಾತು ಬಿಟ್ಟರು.

ರೈಲು ಬಂದಾಗ

ಹೊಸದಾದರೆ ಸತ್ತವರ ತಂಟೆಯೇ ಇಲ್ಲವೆಂದು ಮೊದಲು ಯಾದಗಿರಿಗೆ ಹೋದೆವು. ಸ್ಟೇಷನ್ನಿನ ಹತ್ತಿರ ಒಂದು ಮಷಿನ್ನಿನ ಅಂಗಡಿ. ಉದ್ದನೆಯ ಕಟ್ಟೆಯ ಮೇಲೆ ಸಣ್ಣ ಲೇಥ್‌ಗಳು ಸಾಲಾಗಿ ಕುಳಿತಿದ್ದವು. ಕೇಳುತ್ತಿದ್ದವಳು ನಾನು. ಅಂಗಡಿಯವನು ಉತ್ತರ ಹೇಳುತ್ತಿದ್ದುದು ನನ್ನ ಗಂಡನಿಗೆ.

ಲೋಹದ ತುಂಡನ್ನು ಹಿಡಿಯುವ ಮುಷ್ಟಿಗೆ ಚಕ್ ಎನ್ನುತ್ತಾರೆ. ಅದು ಅಲುಗಿದರೆ ಮಷಿನ್ನೇ ಸುಳ್ಳು. ನಾನು ಹಿಡಿದು ಅಲ್ಲಾಡಿಸಿದೆ. ಆರು ವರ್ಷದ ಮಕ್ಕಳ ಮುಂದಿನ ಹಲ್ಲಿನಂತೆ ಅಲುಗಿತು.

"ಭಾಳ ಹಗೂರ ಅದ್ರಿ ಸಾಹೇಬ್ರ," ಎಂದ ಅಂಗಡಿಯವನು ಗಂಡನಿಗೆ, "ಹೆಣ್ಮಕ್ಳು ಒಂದೇ ಕೈಲೆ ಎತ್ತಬಹುದು."

"ಎತ್ತಿ ಯಾರ ತಲಿಮ್ಯಾಲ ಹಾಕ್ಬೇಕ್ರಿ?" ಎಂದೆ. ಅದನ್ನೂ ಅವನು ಕೇಳಿಸಿಕೊಳ್ಳಲಿಲ್ಲ.

ಆಗ ಗೂಡ್ಸ್ ಗಾಡಿ ಬಂತು. ನೆಲ ಗುಡುಗುಟ್ಟಿತು. ನೋಡನೋಡುತ್ತಿದ್ದಂತೆ ಕಟ್ಟೆಯ ಮೇಲಿನ ಮೊದಲ ಚಕ್ ಮೆಲ್ಲಗೆ ನನ್ನ ಕಡೆ ಹೊರಳಿತು. ಆಮೇಲೆ ಎರಡನೆಯದು. ಆಮೇಲೆ ಅದರಾಚೆಯದು. ಯಾರೂ ಮುಟ್ಟಿಲ್ಲ, ಕರೆಂಟಿನ ವೈರೂ ಇಲ್ಲ. ಕತ್ತಲ ಮನೆಯಲ್ಲಿ ಸಾಲಾಗಿ ಕುಳಿತ ಮುದುಕಿಯರು ಒಬ್ಬೊಬ್ಬರಾಗಿ ಮುಖ ತಿರುಗಿಸಿದ ಹಾಗೆ. ಗಾಡಿ ದಾಟಿತು. ಎಲ್ಲ ನಿಂತವು. ಗಂಡ ಆಗಲೇ ರಸ್ತೆಯ ಆ ಬದಿಗಿದ್ದ.

ಅಂಗಡಿಯವನು ಕನ್ನಡಕ ಒರೆಸುತ್ತ, "ದಿನಾ ಹಿಂಗ ಮಾಡ್ತಾವ್ರಿ. ಗಿರಾಕಿ ಬಂದ್ರ ತಿರುಗಿ ನೋಡ್ತಾವ," ಎಂದ.

"ನೀವಂತೂ ನೋಡ್ಲಿಲ್ಲ, ಅವಾದ್ರೂ ನೋಡಿದ್ವು ಬಿಡ್ರಿ," ಎಂದು ಚಪ್ಪಲಿ ಮೆಟ್ಟಿ ಹೊರಬಂದೆ.

ದಲ್ಲಾಳಿಯ ಪ್ರಶ್ನೆ

ಹೊಸದು ಬೇಡ, ಹಳೆಯದೇ ಗಟ್ಟಿ ಎಂದು ತೀರ್ಮಾನವಾಯಿತು. ಹಳೆ ಮಷಿನ್ ಕೊಡಿಸುವ ಒಬ್ಬ ದಲ್ಲಾಳಿಯ ಫೋನ್ ಸಿಕ್ಕಿತು. ಅವನು ಮೊದಲು ಹೇಳಿದ ಲೇಥಿನ ಯಜಮಾನ ಹೃದಯ ನಿಂತು ಹೋಗಿದ್ದ. ಮುಂದಿನದರವನು ಬಾವಿಗೆ ಬಿದ್ದು ಹೋಗಿದ್ದ. ಅದರ ಮುಂದಿನದರವನು ಹೇಗೆ ಹೋದನೆಂದು ದಲ್ಲಾಳಿ ಹೇಳಲು ಶುರುಮಾಡಿದಾಗ ನಾನೇ ತಡೆದೆ.

"ಏನಪಾ, ನೀ ಹೇಳೋರೆಲ್ಲಾ ಸತ್ತೋರೇ ಅದಾರಲ್ಲ!"

"ಮತ್ತ? ಉಸಿರಿರೋ ತನಕ ಲೇಥ್ ಯಾರು ಮಾರ್ತಾರ್ರಿ ಅಕ್ಕಾರ? ಅದು ಕೈ ಇದ್ದಂಗ."

ಅವತ್ತಿನಿಂದ ಅವನು ಫೋನ್ ಮಾಡಿದರೆ ನನ್ನ ಮೊದಲ ಮಾತು ಒಂದೇ: "ಮಷಿನ್ ಸುದ್ದಿ ಆಮ್ಯಾಲ. ಯಜಮಾನ ಅದಾನೋ, ಹೋಗ್ಯಾನೋ?"

ಒಂದು ದಿನ ಆ ಕಡೆ ಕದ ಮುಚ್ಚಿದ ಸಪ್ಪಳ ಕೇಳಿತು. ಆಮೇಲೆ ತಣ್ಣಗಿನ ದನಿಯಲ್ಲಿ ಕೇಳಿದ: "ನಿಮಗ ಹೆಂಗ ಬೇಕು ಹೇಳ್ರಿ ಅಕ್ಕಾರ, ವ್ಯವಸ್ಥಾ ಮಾಡೋಣ."

ನಾನು ಫೋನ್ ಇಟ್ಟು ಬಾಗಿಲ ಚಿಲಕ ಹಾಕಿದೆ.

ಮಾಲೆ ಹಾಕಿದ ಫೋಟೋ

ಕೊನೆಗೂ ಬದುಕಿದವನೊಬ್ಬ ಸಿಕ್ಕ. ಶಹಾಪುರದಲ್ಲೇ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. "ನಾ ಈಗ ಮಾತಾಡೀನ್ರಿ, ಬದುಕ್ಯಾರ," ಎಂದು ದಲ್ಲಾಳಿ ಆಣೆ ಮಾಡಿದ.

ಬಾಗಿಲು ತೆರೆದೇ ಇತ್ತು. ಒಳಗೆ ಊದುಬತ್ತಿಯ ಹೊಗೆ. ಎದುರಿನ ಗೋಡೆಯಲ್ಲಿ ದೊಡ್ಡ ಫೋಟೋ. ಬಿಳಿ ರುಮಾಲಿನ ಮುದುಕ, ಗಾಜಿಗೆ ಕುಂಕುಮ, ಮೇಲೆ ಗಂಧದ ಮಾಲೆ. ಇದೂ ಹೋಯಿತಲ್ಲ! ಗಂಡ ಮಾತ್ರ ಮರ್ಯಾದೆಯಿಂದ ಕೈಮುಗಿದು, "ಪಾಪ, ಯಾವಾಗ ಹೋದ್ರೋ ಏನೋ," ಎಂದ.

"ಇನ್ನೂ ಹೋಗಿಲ್ಲ. ಕುಂದರ್ರಿ," ಎಂದಿತು ಮೂಲೆಯ ಕತ್ತಲು.

ಅದೇ ರುಮಾಲು, ಅದೇ ಮುಖ. ಗಂಡ ಗೋಡೆ ನೋಡಿದ, ಮೂಲೆ ನೋಡಿದ, ಇನ್ನೊಮ್ಮೆ ಹೇಳಿಸಿಕೊಳ್ಳದೆಯೇ ಕುಳಿತ.

"ಮಕ್ಕಳ ಮ್ಯಾಲ ನಂಬಿಕಿಲ್ಲವಾ," ಎಂದ ಮುದುಕ ನನಗೆ. "ನಾ ಹೋದ್ರ ಆಧಾರ್ ಕಾರ್ಡಿನ ಫೋಟೋನೇ ದೊಡ್ಡದು ಮಾಡಿಸಿ ತೂಗಾಕ್ತಾರ. ಅದಕ್ಕ ನಾನೇ ತಗಿಸಿ, ಮಾಲಿ ಹಾಕಿ, ಹೆಂಗ ಕಾಣ್ತೀನಂತ ನೋಡಾಕತ್ತೇನಿ."

ಲೇಥ್ ತೋರಿಸಿದ. ಎಣ್ಣೆ ಹಚ್ಚಿ ಕನ್ನಡಿಯಂತೆ ಇಟ್ಟಿದ್ದ. ಮಾರುವುದು ಯಾವಾಗ ಎಂದು ಕೇಳಿದೆ.

"ಮಾರೂದು? ಹುಚ್ಚಿ! ನಾ ಹೋದ ಮ್ಯಾಲ ಇದರ ಆಸೆಗೆ ಯಾರು ಬರ್ತಾರಂತ ನೋಡಬೇಕಿತ್ತು. ನೀ ಚಲೋ ಅದಿ. ನಾ ಹೋದ ಮ್ಯಾಲ ಬಾ."

ನನ್ನ ನಾಲಿಗೆಗೆ ಮೂಳೆ ಇಲ್ಲ. "ಅಂದಾಜು ಯಾವಾಗ್ರಿ ಅಜ್ಜಾರ?" ಎಂದುಬಿಟ್ಟೆ.

ರಂಗಂಪೇಟೆಯ ಶೆಡ್ಡು

ಸುರಪುರದ ಬಸ್ಸಿಗೆ ಹೋಗಿ ರಂಗಂಪೇಟೆಯಲ್ಲಿ ಇಳಿದದ್ದು ಬರೀ ನೋಡಿ ಬರಲು. ಯಜಮಾನ ತೀರಿಕೊಂಡಿದ್ದಾನೆಂದು ದಲ್ಲಾಳಿ ಮೊದಲೇ ಹೇಳಿದ್ದ. ಆದರೆ ಮನೆಯಲ್ಲಿದ್ದ ಅವನ ಹೆಂಡತಿಯ ಹಣೆಯಲ್ಲಿ ಕುಂಕುಮ ಇತ್ತು. ಏನೂ ಕೇಳದೆ ನಮ್ಮನ್ನು ಹಿತ್ತಲಿನ ತಗಡಿನ ಶೆಡ್ಡಿಗೆ ಕರೆದೊಯ್ದಳು.

ಚಕ್ ಹಿಡಿದು ಅಲ್ಲಾಡಿಸಿದೆ. ಕಲ್ಲು. ಉಳಿ ಸರಿದಾಡುವ ಕಬ್ಬಿಣದ ಹಾಸಿನ ಮೇಲೆ ಬೆರಳೆಳೆದೆ. ಎಲ್ಲೂ ತಗ್ಗಿಲ್ಲ, ತರಿಯಿಲ್ಲ. ಇಷ್ಟು ದಿನ ನಾನು ಹುಡುಕಿದ್ದು ಇದನ್ನೇ ಅನ್ನಿಸಿತು. ಬೆರಳು ತೆಗೆಯಲು ಮನಸ್ಸಾಗಲಿಲ್ಲ. ತೆಗೆದೆ, ಅಷ್ಟೇ. ಮಷಿನ್ ತಾನಾಗಿಯೇ ತಿರುಗತೊಡಗಿತು.

ನನ್ನ ಗಂಡನ ಚಪ್ಪಲಿ ಅಲ್ಲೇ ಇದ್ದವು. ಗಂಡ ಇರಲಿಲ್ಲ.

"ನಮ್ಮನಿಯವ್ರು ಬಂದ್ರು ನೋಡ್ರಿ," ಎಂದಳು ಆಕೆ ಸಮಾಧಾನದಿಂದ, "ದಿನಾ ಬರ್ತಾರ."

ನೋಡಿದೆ. ಮೇಲೆ ಬಲ್ಬೂ ಹತ್ತಿತ್ತು. ಲೇಥಿನ ಸ್ವಿಚ್ ಹಾಕಿಯೇ ಇತ್ತು. ಹೋಗಿದ್ದ ಕರೆಂಟು ಬಂದಿತ್ತು, ಅಷ್ಟೇ. ಹಾಗೆಂದು ಹೇಳಿದೆ.

"ಕರೆಂಟ್ ಎಲ್ಲಾರ ಮನಿಗೂ ಬರ್ತದವಾ. ನಮ್ಮನಿಗೆ ಅದರ ಜೋಡಿ ಅವರೂ ಬರ್ತಾರ. ಮಗ ಮಾರು ಅಂತಾನ. ಕೆಲಸ ಮಾಡೋ ಮನಷಾನ ಕೈಯಾಗಿಂದ ಮಷಿನ್ ಹೆಂಗ ಕಸಗೊಂಡು ಮಾರಲಿ? ಆ ಸ್ವಿಚ್ ಯಾರಿಗೂ ಮುಟ್ಟಾಕ ಬಿಡಂಗಿಲ್ಲ ನಾ."

ಹೀಗೆ, ಆಕೆ ಕೊಡುವುದಿಲ್ಲ, ಅತ್ತೆ ತರಗೊಡುವುದಿಲ್ಲ, ನನಗೆ ಅದು ಬಿಟ್ಟು ಬೇರೆ ಬೇಡ. ಮಗಳಿಗೆ ಉಣಿಸುವಾಗಲೂ ಆ ಮಷಿನ್ನಿನ ಸಣ್ಣ ದನಿ ಕಿವಿಯಲ್ಲಿ. ಕೊನೆಗೆ ಅತ್ತೆಗೆ ಹೇಳಿದೆ: "ಯಜಮಾನ್ರು ದಿನಾ ಮಷಿನ್ ನಡಸ್ತಾರಂತ ಅವರ ಹೆಣ್ತೀನೇ ಹೇಳ್ಯಾಳ. ನೀವೇ ಬಂದು ನೋಡ್ರಿ." ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಅತ್ತೆ ಬಂದರು. ಗಂಡ ಮಗಳನ್ನು ಎತ್ತಿಕೊಂಡು ಬಸ್ಸು ನಿಲ್ಲುವ ಜಾಗದಲ್ಲೇ ಉಳಿದ.

"ಯಜಮಾನ್ರು ಅದಾರೇನ್ರಿ?" ಎಂದರು ಅತ್ತೆ ಹೊಸ್ತಿಲಲ್ಲಿ ನಿಂತು.

"ಅದಾರ್ರಿ, ಹಿಂದ ಶೆಡ್ಡಿನ್ಯಾಗ. ಸಪ್ಪಳ ಕೇಳ್ತದಲ್ಲ?"

ಕೇಳುತ್ತಿತ್ತು. ಅತ್ತೆ ಖುಷಿಯಿಂದ ತಲೆಮೇಲೆ ಸೆರಗು ಹೊದ್ದು ಶೆಡ್ಡಿಗೆ ನಡೆದರು. ಬಲ್ಬು ಉರಿಯುತ್ತಿತ್ತು. ಲೇಥ್ ತಿರುಗುತ್ತಿತ್ತು. ಮುಂದಿನ ಸ್ಟೂಲು ಖಾಲಿ. ಅದರ ಮೇಲೆ ಮಡಿಚಿದ ಟವೆಲ್ಲು, ಟವೆಲ್ಲಿನ ಮೇಲೆ ಒಂದು ಕನ್ನಡಕ. ಅತ್ತೆ ಸ್ಟೂಲು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲೇ ಹಿತ್ತಾಳೆ ಕಡೆಯಬಹುದಿತ್ತು.

ಮುಗಿಯಿತು ಎಂದುಕೊಂಡೆ. ಆದರೆ ನಮ್ಮತ್ತೆ ಓಡುವ ಹೆಂಗಸಲ್ಲ. ಸೆರಗು ಇನ್ನಷ್ಟು ಮುಂದೆಳೆದು ಖಾಲಿ ಸ್ಟೂಲಿಗೆ ಕೈಮುಗಿದರು.

"ಅಣ್ಣಾರ, ಶರಣ್ರಿ. ನಮ್ಮ ಸೊಸಿ ಬಾಯಿ ಕೆಟ್ಟದು, ಕೈ ಚಲೋ ಅದ. ನಿಮ್ಮ ಮಷಿನ್ ಬೇಕಂತಾಳ. ಹೋದೋರ ಸಾಮಾನು ಅವರನ್ನ ಕೇಳಲಾರದ ಒಯ್ಯಬಾರದು. ಕೊಡೂದಿದ್ರ ಒಂಚೂರು ಬಂದ್ ಮಾಡ್ರಿ."

ಲೇಥಿನ ದನಿ ಇಳಿಯಿತು. ಚಕ್ ನಿಧಾನವಾಯಿತು. ನಿಂತಿತು.

ಸರಿಯಾದ ಹೊತ್ತಿಗೆ ಕರೆಂಟ್ ಹೋಯಿತಲ್ಲ ಎಂದು ನಾನು ಮನಸ್ಸಿನಲ್ಲೇ ಕರೆಂಟಿನವರಿಗೆ ಕೈಮುಗಿದೆ. ಕೈಮುಗಿದು ತಲೆ ಎತ್ತಿದರೆ ಬಲ್ಬು ಉರಿಯುತ್ತಲೇ ಇದೆ. ಸ್ವಿಚ್ ಕಡೆ ನೋಡಿದೆ. ಯಾರೋ ಆರಿಸಿದ್ದರು. ಅತ್ತೆಯ ಎರಡೂ ಕೈ ಮುಗಿದೇ ಇದ್ದವು. ಆ ಹೆಂಗಸು ಬಾಗಿಲಲ್ಲಿದ್ದಳು. ನಾನು ಅಲುಗಿರಲಿಲ್ಲ. ನನ್ನ ನಾಲಿಗೆ ಹುಟ್ಟಿದಾಗಿನಿಂದ ಮೊದಲ ಸಲ ಬಾಯಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು.

"ಒಪ್ಪಿದ್ರು," ಎಂದರು ಅತ್ತೆ ಮೆಲ್ಲಗೆ.

ಬಾಗಿಲಲ್ಲಿದ್ದ ಹೆಂಡತಿಯ ಮುಖ ಮೊದಲು ಬಿಳುಚಿತು. ಆಮೇಲೆ ಕೆಂಪಾಯಿತು. ದಡದಡ ಬಂದು ಸ್ಟೂಲಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಹಿಂಗೇನು? ಉಣ್ಣಾಕ ಬರ್ರಿ, ಬಂದ್ ಮಾಡ್ರಿ ಅಂತ ಮದಿವಿ ಆದಾಗಿಂದ ಹೊಯ್ಕೊಂಡೆ. ಒಂದಿನಾ ಮಾಡಿದ್ರೇನು? ನನ್ನ ರೊಟ್ಟಿ ಆರಿ ಹಪ್ಪಳ ಆಗ್ತಿದ್ವು! ಇವತ್ತ ಯಾರೋ ಬಂದು ಸೆರಗ ಹೊತ್ತು 'ಅಣ್ಣಾರ' ಅಂದ ಕೂಡ್ಲೇ ಬಂದ್ ಮಾಡ್ತೀರಿ?"

ನನ್ನ ಕಡೆ ತಿರುಗಿದಳು. "ಟಂಟಂ ಗಾಡಿ ಕರೀ ತಂಗಿ. ಮಷಿನ್ ಇವತ್ತೇ ಒಯ್ಯಿ. ಜೋಡಿ ಇವರನ್ನೂ ಒಯ್ಯಿ!"