ನಕಾಶೆಯಲ್ಲಿ ಎಮ್ಮೆ ಹುಡುಕಿದ್ದು

ಎಮ್ಮೆ ಎಲ್ಲಿದೆ ಎಂಬುದು ಎಮ್ಮೆಗೆ ಗೊತ್ತಿರುತ್ತದೆ, ಅದನ್ನು ಕಟ್ಟಿದವರಿಗೂ ಗೊತ್ತಿರುತ್ತದೆ. ಅದನ್ನು ಕಂಪ್ಯೂಟರಿಗೆ ತಿಳಿಸಿ ಹೇಳಲು ಹೊರಟವರ ಬದುಕಿನಲ್ಲಿ ಮಾತ್ರ ಮುಂದೆ ಹೇಳುವಂಥವು ನಡೆಯುತ್ತಲೇ ಇರುತ್ತವೆ.

ನಾನು ರೋಣದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವಳು. ನಮ್ಮ ಓಣಿಯಲ್ಲೇ ದನದ ಡಾಕ್ಟರರೊಬ್ಬರು ಸ್ವಂತ ದವಾಖಾನೆ ಇಟ್ಟುಕೊಂಡಿದ್ದಾರೆ. ಅವರಿಗೆ ಒಂದು ಹಳೇ ಜೀಪು, ಅದಕ್ಕೊಬ್ಬ ಡ್ರೈವರ್ ಚಾಚಾ. ಬೆಳಗಾದರೆ ನರಗುಂದದ ಕಡೆಯಿಂದ ಒಂದು ಫೋನು, ಗಜೇಂದ್ರಗಡದ ಕಡೆಯಿಂದ ಇನ್ನೊಂದು. ಒಮ್ಮೆ ಅವರು ಶಿರೋಳಕ್ಕೆ ಕೆಮ್ಮುವ ಎತ್ತು ನೋಡಲು ಹೋದಾಗ, ದಾರಿಯಲ್ಲಿ ದಾಟಿದ ಊರಿನಲ್ಲೇ ಒಂದು ಆಕಳು ಈಯಲಾರದೆ ಒದ್ದಾಡುತ್ತಿತ್ತಂತೆ. ಇವರು ಅಲ್ಲಿಂದಲೇ ಹಾದು ಹೋದದ್ದು ಆಕಳಿನ ಮನೆಯವರಿಗೆ ಗೊತ್ತಿಲ್ಲ, ಆಕಳ ಸಂಗತಿ ಇವರಿಗೆ ಗೊತ್ತಿಲ್ಲ. ತಿರುಗಿ ಬರುವಷ್ಟರಲ್ಲಿ ಕರು ಉಳಿದಿರಲಿಲ್ಲ.

ಆ ಸಂಜೆ ಡಾಕ್ಟರು ನಮ್ಮ ಮನೆಗೆ ಬಂದು ಚಹಾ ಮುಟ್ಟದೆ ಕೂತರು. “ಮೇಡಮ್ಮಾರ, ಜೀಪ್ ಇದ್ದಲ್ಲಿಂದ ಯಾವ ದನ ಹತ್ರ ಐತಿ ಅಂತ ತೋರಸೂವಂಥಾ ಒಂದು ನಕಾಶಿ ಮಾಡಿ ಕೊಡ್ರಿ” ಅಂದರು. ನಾನು ಒಪ್ಪಿಕೊಂಡೆ.

ಎಣ್ಣಿಗಾಯಿ

ಮಾರನೇ ದಿನ ಅವರ ಮನೆಯಲ್ಲೇ ಕೂತು ಕೆಲಸದ ಬಗೆ ವಿವರಿಸಿದೆ.

“ನಕಾಶಿ ಒಂದು ಚೌಕ ಅಂತ ತಿಳೀರಿ. ಅದನ್ನ ನಾಕು ಭಾಗ ಮಾಡೂದು. ಯಾವ ಭಾಗದಾಗ ದನಾ ಭಾಳ ಅದಾವೋ ಅದನ್ನ ಮತ್ತ ನಾಕು ಭಾಗ ಮಾಡೂದು. ಹುಡುಕೂ ಮುಂದ ನಮಗ ಬೇಕಾದ ಭಾಗ ಅಷ್ಟ ತೆಗದು ನೋಡಿದ್ರ ಆತು. ಉಳಿದದ್ದು ಮುಟ್ಟೂದ ಬ್ಯಾಡ.”

ಡಾಕ್ಟರು ಸ್ವಲ್ಪ ಯೋಚಿಸಿ, “ಅಂದ್ರ ಎಣ್ಣಿಗಾಯಿಗೆ ಬದನಿಕಾಯಿ ಸೀಳಿದಂಗ. ನಾಕು ಹೋಳು, ತೊಟ್ಟು ಮಾತ್ರ ಒಂದ” ಅಂದರು.

ಇಷ್ಟು ಚೆನ್ನಾಗಿ ನನ್ನ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ. ಖುಷಿಯಿಂದ ನಾನೂ ದನಿ ಏರಿಸಿದೆ: “ಬರೋಬ್ಬರಿ ಹೇಳಿದ್ರಿ ನೋಡ್ರಿ! ಬದನಿಕಾಯಿ ಸೀಳೂದು, ಒಳಗ ಎಮ್ಮಿ, ಆಕಳಾ, ಆಡು ಎಲ್ಲಾ ತುಂಬೂದು!”

ಒಳಗಿನಿಂದ ಡಾಕ್ಟರ ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದರು. “ಶಿವಶಿವಾ! ನಮ್ಮ ಮನ್ಯಾಗ ಅಂಥಾ ಅಡಗಿ ಮಾಡೂದಿಲ್ರಿ!”

ಮಂಜಿನ ಸಮುದ್ರ

ಊರುಗಳನ್ನೆಲ್ಲ ನಕಾಶೆಗೆ ಏರಿಸಿ, ಡಾಕ್ಟರನ್ನೂ ಚಾಚಾನನ್ನೂ ಕರೆದು ಲ್ಯಾಪ್‌ಟಾಪಿನಲ್ಲಿ ಹೆಮ್ಮೆಯಿಂದ ತೆರೆದು ತೋರಿಸಿದೆ. ಪರದೆಯ ತುಂಬ ಬರೀ ನೀಲಿ.

“ಇದೇನ್ರಿ ಅಕ್ಕಾರ, ರೋಣ ಎಲ್ಲೈತಿ?” ಅಂದ ಚಾಚಾ.

ನಕಾಶೆಯನ್ನು ಚಿಕ್ಕದು ಮಾಡಿದೆ, ಇನ್ನೂ ಚಿಕ್ಕದು ಮಾಡಿದೆ. ಆಮೇಲೆ ತಿಳಿಯಿತು. ಅಕ್ಷಾಂಶ ಹಾಕುವಲ್ಲಿ ರೇಖಾಂಶ, ರೇಖಾಂಶ ಹಾಕುವಲ್ಲಿ ಅಕ್ಷಾಂಶ ಹಾಕಿದ್ದೆ. ರೋಣ, ಜಕ್ಕಲಿ, ನರಗುಂದ, ಗಜೇಂದ್ರಗಡ ನಾಲ್ಕೂ ಉತ್ತರ ಧ್ರುವದ ಹತ್ತಿರ ಮಂಜಿನ ಸಮುದ್ರದಲ್ಲಿ ತೇಲುತ್ತಿದ್ದವು. ಹೊರಗೆ ಬೇಸಿಗೆಯ ಮಧ್ಯಾಹ್ನ. ಕರೆಂಟಿಲ್ಲ. ಮೂವರ ಬಟ್ಟೆಯೂ ಬೆವರಿಗೆ ಬೆನ್ನಿಗಂಟಿತ್ತು.

“ಈಗ ಸರಿ ಮಾಡ್ತೀನ್ರಿ” ಅಂತ ಕೀಲಿಮಣೆಗೆ ಕೈಹಚ್ಚಿದೆ.

ಡಾಕ್ಟರು ತಡೆದರು. “ಅವಸರ ಏನೈತ್ರಿ ಮೇಡಮ್ಮಾರ? ಮಳಿಗಾಲ ಬರೂ ತನಕ ಊರು ಅಲ್ಲೇ ಇರಲಿ ಬಿಡ್ರಿ.”

ಚಿಕ್ಕನರಗುಂದದ ಗದ್ದಲ

ದನ ಕಟ್ಟುವ ಜಾಗ ತಿಳಿಯಬೇಕಲ್ಲ? ಊರೂರಿನ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಕಳಿಸಿದೆವು: ನಿಮ್ಮ ದನದ ಮನೆಯಲ್ಲಿ ನಿಂತು ನಿಮ್ಮ ಲೊಕೇಶನ್ ಕಳಿಸಿರಿ.

ಚಿಕ್ಕನರಗುಂದದಿಂದ ಮೊದಲು ಬಂತು. ಬೆನ್ನಿಗೇ ಊರೆಲ್ಲ ಕಳಿಸಿತು. ಎಷ್ಟು ಒಗ್ಗಟ್ಟು ಅಂತ ಸಂತೋಷಪಟ್ಟು ಎಲ್ಲವನ್ನೂ ಪ್ರೋಗ್ರಾಮಿಗೆ ಸುರಿದೆ. ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು. ಆಮೇಲೆ ಎಲ್ಲ ಗಪ್ಪಾಯಿತು.

ನೋಡಿದರೆ ನಕಾಶೆಯ ಮೇಲಿನ ಅಷ್ಟೂ ಚುಕ್ಕಿ ಒಂದೇ ಜಾಗದಲ್ಲಿದ್ದವು. ಚುಕ್ಕಿಗಳ ಗದ್ದಲ ಇದ್ದಲ್ಲಿ ನಾಲ್ಕು ಭಾಗ ಮಾಡು ಅಂತ ನಾನೇ ಹೇಳಿದ್ದೆ. ಅದು ಭಾಗ ಮಾಡಿತು, ಎಲ್ಲ ಚುಕ್ಕಿಯೂ ಒಂದೇ ಭಾಗದಲ್ಲಿ ಬಿದ್ದವು. ಮತ್ತೆ ಮಾಡಿತು, ಮತ್ತೆ ಹಾಗೇ. ಪಾಪ, ಕೊನೆಯೇ ಇಲ್ಲದ ಕೆಲಸ. ಆಗಿದ್ದಿಷ್ಟೆ: ಒಬ್ಬರು ಚಹಾದಂಗಡಿಯಲ್ಲಿ ಕೂತು ತಮ್ಮ ಲೊಕೇಶನ್ ಕಳಿಸಿದ್ದರು. ಉಳಿದವರು ಅದನ್ನೇ ಶುಭೋದಯದ ಚಿತ್ರದಂತೆ ಫಾರ್ವರ್ಡ್ ಮಾಡಿದ್ದರು.

ಆ ಚಹಾದಂಗಡಿಗೇ ಫೋನು ಹಚ್ಚಿದೆ. “ಏನ್ರಿ ಸಾಹುಕಾರ್ರ, ಊರಾಗಿನ ದನಾ ಎಲ್ಲಾ ನಿಮ್ಮ ಅಂಗಡ್ಯಾಗ ಅದಾವಂತಲ್ಲ?”

“ದನಾ ಇಲ್ರೀ ಬಾಯಾರ” ಅಂದರು ಅವರು ಸಮಾಧಾನವಾಗಿ. “ಮಾಲಕರಷ್ಟ ಅದಾರ. ದನಾ ಎಲ್ಲಾ ಹೊಲದಾಗ ದುಡ್ಯಾಕ ಹೋಗ್ಯಾವು.”

ಸೀದಾ ದಾರಿ

ಗಜೇಂದ್ರಗಡದಲ್ಲಿ ಒಂದು ಆಡು ನೋಡುವುದಿತ್ತು. ನಕಾಶೆ “ಭಾಳ ಹತ್ರ” ಅಂತು. ಚಾಚಾ ಅದು ತೋರಿಸಿದ ಕಡೆಗೇ ಜೀಪು ಬಿಟ್ಟ. ಕೊನೆಗೆ ಜೀಪು ಗುಡ್ಡದ ಬುಡದಲ್ಲಿ, ಗೋಡೆಯಂಥ ಬಂಡೆಯ ಮುಂದೆ ನಿಂತಿತು. ದಾರಿ ಎಲ್ಲಿಯೂ ಇಲ್ಲ. ಡಾಕ್ಟರು ಕತ್ತೆತ್ತಿ ನೋಡಿದರೆ, ಮೇಲೆ ಬಂಡೆಯ ಅಂಚಿನಲ್ಲಿ ಒಬ್ಬ ಮನುಷ್ಯ ಆಡನ್ನು ಎತ್ತಿಕೊಂಡು ನಿಂತು ಕೈಬೀಸುತ್ತಿದ್ದ.

“ಏನಾಗೈತಿ ಆಡಿಗೆ?” ಅಂತ ಇವರು ಕೆಳಗಿನಿಂದ ಕೂಗಿದರು.

“ಕಾಲು ಮುರಿದೈತ್ರೀ!”

“ಹ್ಯಾಂಗ ಮುರೀತು?”

“ಇಲ್ಲಿಂದ ಸೀದಾ ಇಳದ್ರ ಹತ್ರ ಆಕ್ಕೈತಿ ಅಂತ ಇಳೀತ್ರೀ!”

ನನ್ನ ಪ್ರೋಗ್ರಾಮಿನ ಲೆಕ್ಕವೂ ಅದೇ ಆಗಿತ್ತು. ಆವತ್ತಿನಿಂದ ರಸ್ತೆಯ ದೂರವನ್ನಷ್ಟೇ ಎಣಿಸು ಅಂತ ಅದಕ್ಕೆ ಬುದ್ಧಿ ಹೇಳಿದೆ.

ಜಕ್ಕಲಿ ದಾರಿ

ಇಷ್ಟೆಲ್ಲ ಆದ ಮೇಲೆ ಪ್ರೋಗ್ರಾಮು ಚೆನ್ನಾಗಿ ನಡೆಯತೊಡಗಿತು. ಫೋನು ಮಾಡಿದವರು ನಾವು ಕಳಿಸಿದ ಲಿಂಕ್ ಒತ್ತಿದರೆ ನಕಾಶೆಯಲ್ಲಿ ಅವರ ಚುಕ್ಕಿ ಕಾಣುತ್ತಿತ್ತು. ಅವರು ಅತ್ತಿತ್ತ ಹೋದರೆ ಚುಕ್ಕಿಯೂ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಜಕ್ಕಲಿಯಿಂದ ಹೆಣ್ಣುಮಗಳೊಬ್ಬಳು ಫೋನು ಮಾಡಿದಳು. ಬೆಳಗಿನಿಂದ ಅವಳ ಎಮ್ಮೆ ಈಯಲು ಒದ್ದಾಡುತ್ತಿತ್ತು. ದನಿಯಲ್ಲಿ ಅಳು ತುಂಬಿತ್ತು. ಡಾಕ್ಟರ ಮುಖ ಗಂಭೀರವಾಯಿತು. ನನಗೂ ಅಂದು ಕ್ಲಾಸು ಇರಲಿಲ್ಲ. ನಕಾಶೆ ತೆರೆದ ಫೋನು ಹಿಡಿದು ಜೀಪು ಹತ್ತಿದೆ.

ಅರ್ಧ ದಾರಿಗೆ ಬಂದಾಗ ಜಕ್ಕಲಿಯ ಚುಕ್ಕಿ ನಮ್ಮ ಕಡೆಗೆ ಹೊರಟಿತು.

“ಡಾಕ್ಟರ್ರ, ಎಮ್ಮಿ ನಮ್ಮ ಕಡೆ ಬರಾಕತ್ತೈತ್ರಿ” ಅಂದೆ.

“ಈಯಾಕತ್ತಿದ್ದ ಎಮ್ಮಿ ಓಡಿ ಬರತೈತೇನ್ರಿ?”

ಅದೂ ಖರೇನೇ. ಹಿಂದಿನ ದಿನವಷ್ಟೇ ಪ್ರೋಗ್ರಾಮಿನಲ್ಲಿ ಏನೋ ಬದಲು ಮಾಡಿದ್ದೆ. ಅಲ್ಲೇ ಎಡವಟ್ಟಾಗಿದೆ ಅಂದುಕೊಂಡೆ. ಚುಕ್ಕಿ ಜೋರಾಗಿ ಬರುತ್ತಲೇ ಇತ್ತು. ಫೋನು ಪೀಂಪೀಂ ಅಂದಿತು: ಹತ್ತು ಮೀಟರ್.

“ಹತ್ತು ಮೀಟರ್ ಅಂತೈತಲ್ರಿ, ನಿಂದರ್ಸಲೇನು?” ಅಂದ ಚಾಚಾ. ಎದುರಿಗೆ ಒಂದು ಟ್ರ್ಯಾಕ್ಟರ್ ಧೂಳೆಬ್ಬಿಸಿಕೊಂಡು ಬರುತ್ತಿತ್ತು.

“ಸುಳ್ಳ ಹೇಳಾಕತ್ತೈತಿ, ಅದನ್ನೇನ್ ನಂಬ್ತಿ! ನಡಿ ಲಗೂ!” ಅಂದೆ. ಟ್ರ್ಯಾಕ್ಟರ್ ನಮ್ಮನ್ನು ದಾಟಿ ಹಿಂದಕ್ಕೆ ಹೋಯಿತು. ಚುಕ್ಕಿಯೂ ಹಿಂದಕ್ಕೆ ಹೋಯಿತು.

ಜಕ್ಕಲಿಯ ಆ ಮನೆಯಲ್ಲಿ ಮುದುಕಿಯೊಬ್ಬಳೇ ಕಟ್ಟೆಯ ಮೇಲೆ ಕೂತಿದ್ದಳು.

“ಎಮ್ಮಿ ಎಲ್ಲೈತಬೇ?” ಅಂದರು ಡಾಕ್ಟರು.

“ನೀವು ತಡಾ ಮಾಡಿದ್ರಿ ಅಂತ ನಮ್ಮ ಸೊಸಿ ಟ್ರ್ಯಾಕ್ಟರ್‌ನ್ಯಾಗ ಹೇರಿಕೊಂಡು ನಿಮ್ಮ ದವಾಖಾನಿಗೇ ಹೋದ್ಳಲ್ಲೋ ಯಪ್ಪಾ!”

ಸೊಸೆಗೆ ಫೋನು ಹಚ್ಚಿದೆವು. “ನಿಮ್ಮ ದವಾಖಾನಿ ಮುಂದ ಅದೀವ್ರಿ, ಕೀಲಿ ಹಾಕೈತಿ” ಅಂದಳು. “ಅಲ್ಲೇ ಇರವ್ವಾ, ನಾವ ಬಂದ್ವಿ” ಅಂದರು ಡಾಕ್ಟರು. ಆದರೆ ಆ ಮಾತು ಅವಳಿಗೆ ಮುಟ್ಟುವ ಮೊದಲೇ ಫೋನು ಕಟ್ಟಾಯಿತು. ಜೀಪು ತಿರುಗಿಸಿಕೊಂಡು ಹೊರಟೆವು. ಸ್ವಲ್ಪ ಹೊತ್ತಿಗೆ ಚುಕ್ಕಿ ಮತ್ತೆ ನಮ್ಮ ಕಡೆಗೆ ಹೊರಟಿತು.

ಈ ಸಲ ಯಾರೂ ನನ್ನನ್ನು ಕೇಳಲಿಲ್ಲ. ಡಾಕ್ಟರ ಮಾತಿಗೂ ಕಾಯದೆ ಚಾಚಾ ಜೀಪನ್ನು ರಸ್ತೆಗೆ ಅಡ್ಡ ನಿಲ್ಲಿಸಿದ. ಟ್ರ್ಯಾಕ್ಟರ್ ಬಂದು ನಿಂತಿತು. ಡಾಕ್ಟರು ತೋಳೇರಿಸಿ ಟ್ರೇಲರ್ ಹತ್ತಿದರು. ಎಮ್ಮೆಯ ಹೊಟ್ಟೆಯಲ್ಲಿ ಕರುವಿನ ಕಾಲು ಮಡಚಿಕೊಂಡಿತ್ತು. ಅದನ್ನು ಮೆಲ್ಲಗೆ ಸರಿಮಾಡುವಾಗ ನಾವೆಲ್ಲ ಎಮ್ಮೆಯನ್ನು ಹಿಡಿದುಕೊಂಡೆವು. ಕೊನೆಗೆ ನಡುರಸ್ತೆಯಲ್ಲೇ, ಒದ್ದೆ ಮೈಯ ಹೆಣ್ಣುಗರು ಹೊರಬಂದು ಸೀನಿತು. ಎಮ್ಮೆ ಅದನ್ನು ನೆಕ್ಕತೊಡಗಿತು. ಆ ಹೆಣ್ಣುಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ಒದ್ದೆಯಾಗಿತ್ತು.

ಡಾಕ್ಟರು ಕೈ ತೊಳೆದುಕೊಳ್ಳುವಾಗ ಅವಳು ಕೇಳಿದಳು: “ಅಲ್ರೀ ಡಾಕ್ಟರ್ರ, ಮೊದಲ ಎದುರಿಗೆ ಸಿಕ್ಕಾಗ ಕೈ ಮಾಡಿದೆ, ಒದರಿದೆ. ಯಾಕ ನಿಂದರಲಿಲ್ರಿ? ನಿಮ್ಮ ಫೋನಿನಾಗ ಕಾಣ್ತೈತಿ ಅಂದಿದ್ರಲ್ಲ?”

“ಕಂಡಿತ್ತವ್ವಾ” ಅಂದರು ಡಾಕ್ಟರು, ನನ್ನ ಕಡೆ ನೋಡದೆ. “ನಕಾಶಿ ನಿಂದರು ಅಂತನ ಹೇಳಿತ್ತು. ಆದ್ರ ನಕಾಶಿ ಮಾಡಿದ ಮೇಡಮ್ಮಾರು ಜೀಪಿನ್ಯಾಗ ಇದ್ರು.”